ಬಲಗಡೆಯ ಬಾಗಿಲು

ಮರಾಠಿ ನಾಡಿನ ಖಡಕಿಯಲ್ಲಿ ನಮ್ಮ ಮನೆಗೆ ಎರಡು ಕೋಣೆ. ಮುಂದಿನದರಲ್ಲಿ ಒಂದು ಮಂಚ, ಕಬ್ಬಿಣದ ಟ್ರಂಕು, ಅವ್ವನ ಹೊಲಿಗೆಯಂತ್ರ. ಹಿಂದಿನದರಲ್ಲಿ ಒಲೆ, ನೀರಿನ ಪೀಪಾಯಿ, ಗೋಡೆಯಲ್ಲಿ ದೇವರ ಮಾಡ. ಎರಡರ ನಡುವೆ ಬಾಗಿಲಿರಲಿಲ್ಲ, ಅವ್ವನ ಹಳೆಯ ಸೀರೆಯ ಪರದೆ ಇತ್ತು. ಮೊದಲ ಮಹಡಿಯ ಗ್ಯಾಲರಿಯಲ್ಲಿ ನಮ್ಮದು ಮೂರನೆಯ ಮನೆ, ಮರಾಠಿಯವರಾದ ದತ್ತುಕಾಕಾರದು ನಾಲ್ಕನೆಯದು, ಕೊನೆಯದು. ನಡುವಿನ ಗೋಡೆ ಹಲಗೆಯದು. ಅವರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ನಾವು ಎಣಿಸುತ್ತಿದ್ದೆವು. ಅವ್ವ ರೊಟ್ಟಿ ಬಡಿಯುವ ಸಪ್ಪಳ ನಿಂತರೆ ನಾವು ಊಟಕ್ಕೆ ಕೂತೆವೆಂದು ಅವರಿಗೆ ತಿಳಿಯುತ್ತಿತ್ತು. ಇದನ್ನು ಮೊದಲೇ ಹೇಳುತ್ತಿದ್ದೇನೆ. ಆ ಹಲಗೆಯ ಆಚೆ ಏನು ಕೇಳಿಸಿರಬಹುದು, ಏನು ಕೇಳಿಸಿರಲಿಕ್ಕಿಲ್ಲ ಎಂದು ಇಷ್ಟು ವರ್ಷವೂ ಲೆಕ್ಕ ಹಾಕುತ್ತಲೇ ಬಂದಿದ್ದೇನೆ.

ಅಪ್ಪ ಮತ್ತು ದತ್ತುಕಾಕಾ ಇಬ್ಬರೂ ಗಾಡಿ ಕಟ್ಟುವ ಒಂದೇ ಕಾರ್ಖಾನೆಯಲ್ಲಿ, ಒಂದೇ ಸಾಲಿನಲ್ಲಿ, ಎದುರುಬದುರು ನಿಂತು ಕೆಲಸ ಮಾಡುತ್ತಿದ್ದರು. ಬಣ್ಣವಾಗಿ ಬಂದ ಗಾಡಿಯ ಬಾಗಿಲೊಳಗೆ ಗಾಜು ಏರಿಸಿ ಇಳಿಸುವ ಹಲ್ಲುಚಕ್ರ ಕೂಡಿಸಿ, ಮೇಲೆ ಒಳಹಲಗೆ ಬಡಿದು ಮುಚ್ಚುವುದು ಅವರ ಕೆಲಸ. ಎಡಗಡೆಯ ಬಾಗಿಲು ಅಪ್ಪನದು, ಬಲಗಡೆಯದು ಕಾಕಾನದು. ಅಪ್ಪ ಪರ್ಮನೆಂಟ್ ಆಗಿದ್ದ. ಕಾಕಾ ಏಳು ವರ್ಷದಿಂದ ಟೆಂಪರರಿ. ಏಳು ತಿಂಗಳು ಕೆಲಸ, ಆಮೇಲೆ ಒಂದು ತಿಂಗಳು ಮನೆ, ಮತ್ತೆ ಕರೆ. ಆ ವರ್ಷ, ಅದೇ ತಿಂಗಳ ಕೊನೆಗೆ ಪರ್ಮನೆಂಟ್ ಆಗುವವರ ಪಟ್ಟಿ ಹಚ್ಚುತ್ತಾರೆ, ಅದರಲ್ಲಿ ಅವರ ಹೆಸರಿದೆ ಎಂದು ಸೂಪರ್‌ವೈಸರನೇ ಹೇಳಿದ್ದ. ಕಾಕೂ, ಎಂದರೆ ಕಾಕಾನ ಹೆಂಡತಿ, ಆ ಸುದ್ದಿಯನ್ನು ನಮ್ಮ ಅವ್ವನಿಗೆ ನಲ್ಲಿಯ ಹತ್ತಿರ ಪಿಸುಮಾತಿನಲ್ಲಿ ಹೇಳಿ, ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಜೋರಾಗಿ ಹೇಳಿದರೆ ಹೆಸರು ಅಳಿಸಿಹೋದೀತೆಂಬ ಹೆದರಿಕೆ.

ಅದೇ ಕಾಲಕ್ಕೆ ನಮ್ಮ ಮನೆಯಲ್ಲಿಯೂ ಒಂದು ಕಾಯುವಿಕೆ ನಡೆದಿತ್ತು. ಅವ್ವನ ತಮ್ಮ ಶಿವಪ್ಪ ಮಾಮಾ ಸೊಲ್ಲಾಪುರ ರಸ್ತೆಯ ನರ್ಸರಿಗಳಿಂದ ಗಿಡದ ಕುಂಡಗಳನ್ನು ಹೇರಿಕೊಂಡು ಊರೆಲ್ಲ ಹಂಚುತ್ತಿದ್ದ. ಅವನ ಮೂರು ಗಾಲಿಯ ಹಳೆಯ ಟೆಂಪೊ ಕಾತ್ರಜ ಘಾಟಿನ ತಿರುವಿನಲ್ಲಿ ಮಗುಚಿ, ಅವನ ಬಲಗಾಲು ಒಂದು ಬೆರಳಿನಷ್ಟು ಗಿಡ್ಡವಾಯಿತು. ಆಸ್ಪತ್ರೆಯಲ್ಲಿ ಅವ್ವ ಅವನ ಕೂದಲಿನೊಳಗಿಂದ ಗುಲಾಬಿ ಗಿಡದ ಮಣ್ಣು ತೆಗೆದದ್ದು ನನಗೆ ನೆನಪಿದೆ. ಈಗ ಅವನು ನಾಲ್ಕು ಗಾಲಿಯ ಪಿಕಪ್ ಬುಕ್ ಮಾಡಿದ್ದ. ಬಿಳಿಯದು ಬೇಕಾದರೆ ಎಂದೋ ಸಿಗುತ್ತಿತ್ತು. ಅವನಿಗೆ ದಟ್ಟ ನೀಲಿ ಬೇಕು, ಹಿಂದೆ ಸಾಮಾನು ಹೇರುವ ಕಡೆಯ ಕಟಾಂಜನ ಒಂದು ಮೊಳ ಎತ್ತರ ಬೇಕು. ಅಂಥದ್ದನ್ನು ಅಪ್ಪನ ಕಾರ್ಖಾನೆ ಯಾರಾದರೂ ಕೇಳಿದಮೇಲೆಯೇ ಕಟ್ಟುತ್ತದೆ. ಮಾರುವ ಅಂಗಡಿಯ ಗುಮಾಸ್ತ ಒಂದು ನಂಬರು ಬರೆದುಕೊಟ್ಟ. ಅವ್ವ ಅದನ್ನು ದೇವರ ಮಾಡದ ಒಳಬದಿಗೆ ಸುಣ್ಣದ ಕಡ್ಡಿಯಿಂದ ಬರೆದಳು. ಪ್ರತಿ ರವಿವಾರ ಮಾಮಾ ಬಂದು ಟ್ರಂಕಿನ ಮೇಲೆ ಕೂತು, ಗಿಡ್ಡ ಕಾಲನ್ನು ಚಾಚಿ, ಅಪ್ಪನನ್ನು ಕೇಳುತ್ತಿದ್ದ.

“ಏನ್ರಿ ಭಾವಾ, ನಮ್ಮ ಬಾಣಂತನ ಎಲ್ಲಿಗೆ ಬಂತು? ನೋವು ಸುರು ಆಗ್ಯಾವೋ ಇಲ್ಲೊ?”

“ಇನ್ನೂ ತಗಡ ಅದ ಅದು. ಸುಮ್ಮ ಚಾ ಕುಡಿ.”

ಒಂದು ರವಿವಾರ ಅಪ್ಪ, ಆ ನಂಬರಿನ ಚೀಟಿ ಅಂಟಿದ ಗಾಡಿಯ ತಗಡಿನ ಮೈ ಬಣ್ಣದ ಕೋಣೆಗೆ ಹೋಗಿದೆ, ಎರಡು ಮೂರು ದಿನದಲ್ಲಿ ನಮ್ಮ ಸಾಲಿಗೆ ಬರುತ್ತದೆ ಎಂದ. ಮಾಮಾ ಹೋದಮೇಲೆ ಅವ್ವ ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದಳು. ನಮ್ಮ ಊರ ಕಡೆ ಮನೆ ಕಟ್ಟುವಾಗ, ಬಾಗಿಲ ಚೌಕಟ್ಟು ನಿಲ್ಲಿಸುವ ದಿನ, ನವಧಾನ್ಯವನ್ನೂ ದೇವರ ಭಂಡಾರವನ್ನೂ ಹೊಸ ಬಟ್ಟೆಯಲ್ಲಿ ಗಂಟುಕಟ್ಟಿ ಮೇಲಿನ ಕಟ್ಟಿಗೆಗೆ ಕಟ್ಟುತ್ತಾರೆ. ಭಂಡಾರವೆಂದರೆ ಮೈಲಾರಲಿಂಗನ ಅರಿಶಿನಪುಡಿ. ಗೋಡೆ ಏರಿದಮೇಲೆ ಕಟ್ಟಿದರೆ ನಡೆಯುವುದಿಲ್ಲ. ಮಾಮಾನ ಟೆಂಪೊಗೆ ಹಾರ ಹಾಕಿದ್ದೆವು, ನಿಂಬೆಹಣ್ಣು ಕಟ್ಟಿದ್ದೆವು, ಎಲ್ಲವೂ ಹೊರಗೆ. ಆದ್ದರಿಂದಲೇ ಅದು ಮಗುಚಿತು ಎಂದು ಅವ್ವ ನಂಬಿದ್ದಳು. ಈ ಗಾಡಿಗೆ ಬಾಗಿಲು ಮುಚ್ಚುವವನು ಮನೆಯಲ್ಲಿಯೇ ಇದ್ದಾನೆ. ಮುಚ್ಚುವ ಮೊದಲು ಗಂಟು ಒಳಗೆ ಇಡಬೇಕು. ಅದೂ ತಮ್ಮ ಕೂಡುವ ಕಡೆ, ಬಲಗಡೆ.

ಅಪ್ಪ ಆಗುವುದಿಲ್ಲ ಎಂದ. ಸಾಲಿಗೆ ಹೋಗುವಾಗ ಉಂಗುರ, ಗಡಿಯಾರ, ಕಿಸೆಯಲ್ಲಿ ಒಂದು ನಾಣ್ಯ ಸಹ ಇರಕೂಡದು, ಬೆಲ್ಟಿನ ಬಕಲಿಗೂ ಬಟ್ಟೆ ಸುತ್ತಬೇಕು, ಬಾಗಿಲೊಳಗೆ ಹೊರಗಿನ ವಸ್ತು ಸಿಕ್ಕರೆ ಕೆಲಸ ಹೋಗುತ್ತದೆ ಎಂದು ವಿವರಿಸಿದ. ಅವ್ವ ವಿವರ ಕೇಳಲಿಲ್ಲ. ಆ ರಾತ್ರಿ, ಮರುದಿನ ಎರಡೂ ಹೊತ್ತು, ತಾಟಿನಲ್ಲಿ ರೊಟ್ಟಿ ಹಾಕಿದಳು, ಪಲ್ಯ ಬಡಿಸಿದಳು, ಒಂದು ಮಾತೂ ಆಡಲಿಲ್ಲ. ಅಪ್ಪ ಉಪ್ಪು ಕೇಳಿದರೆ ನನ್ನ ಕೈಯಲ್ಲಿ ಕೊಟ್ಟು ಕಳಿಸಿದಳು. ಕೊನೆಗೆ, ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

“ಊರಾಗಿನ ಗಾಡಿಗೆಲ್ಲಾ ಬಾಗಲಾ ಹಚ್ಚತೀರಿ. ನನ್ನ ತಮ್ಮಗ ಒಂದು ಗಂಟು ಇಡೂದಕ್ಕ ಕೈ ನಡಗತಾವು ನಿಮ್ಮವು.”

ಗಂಟನ್ನು ಹೊಲಿದವಳು ನಾನು. ನನಗೆ ಆಗ ಹತ್ತು ವರ್ಷ. ಅವ್ವ ಕುಪ್ಪಸದ ಹಸಿರು ಖಣದ ಒಂದು ತುಂಡು ಕೊಟ್ಟಳು. ಒಳಗೆ ಒಂಬತ್ತು ಧಾನ್ಯ, ಮೂರು ಚಿಟಿಕೆ ಭಂಡಾರ. ಯಂತ್ರದಲ್ಲಿ ಹೊಲಿಯಬಾರದು, ಕೈಯಿಂದಲೇ ಹೊಲಿಯಬೇಕು, ಅದೂ ಮೈನೆರೆಯದ ಹುಡುಗಿಯೇ ಹೊಲಿಯಬೇಕು ಎಂದಳು. ನಾನು ಎಡಚಿ. ಎಡಗೈಯವರು ಹೊಲಿದರೆ ಹೊಲಿಗೆಯ ಓರೆ ತಿರುವುಮುರುವು ಬೀಳುತ್ತದೆ. ಎಲ್ಲರ ಹೊಲಿಗೆ ಆ ಕಡೆ ವಾಲಿದರೆ ನನ್ನದು ಈ ಕಡೆ ವಾಲುತ್ತದೆ. ಮಂಗಳವಾರ ಬೆಳಿಗ್ಗೆ ಅಪ್ಪ ಅದನ್ನು ಡಬ್ಬಿಯಲ್ಲಿ, ರೊಟ್ಟಿಯ ಕೆಳಗೆ ಇಟ್ಟುಕೊಂಡು ಹೋದ. ಸಂಜೆ ಬಂದು ಕೈಕಾಲು ತೊಳೆದು, “ಆತು” ಎಂದಷ್ಟೇ ಹೇಳಿದ. ಅವ್ವ ಮಾಡದ ಮುಂದೆ ತುಪ್ಪದ ದೀಪ ಹಚ್ಚಿದಳು. ಆ ದಿನ ಅಪ್ಪನಿಗೆ ಎರಡು ಸಲ ತುಪ್ಪ ಬಡಿಸಿದಳು.

ಶುಕ್ರವಾರ ಅಪ್ಪ ಬಂದವನೇ ಶರ್ಟು ಬಿಚ್ಚದೆ ಮಂಚದ ಮೇಲೆ ಕೂತ. ಆಗಿದ್ದು ಇಷ್ಟು. ಮಂಗಳವಾರ ಚಹಾದ ವಿರಾಮದಲ್ಲಿ, ಸಾಲು ನಿಂತ ಹೊತ್ತಿನಲ್ಲಿ, ಅವನು ಕಾಕಾನ ಬದಿಗೆ ದಾಟಿಹೋಗಿ ಬಲಗಡೆಯ ಬಾಗಿಲೊಳಗೆ ಗಂಟು ತೂಗುಹಾಕಿದ್ದ. ದಿನಕ್ಕೆ ಅಷ್ಟು ಬಾಗಿಲು ಮುಚ್ಚುವ ಮನುಷ್ಯ, ಅವಸರದಲ್ಲಿ ಗಾಜು ಇಳಿಯುವ ದಾರಿಯಲ್ಲೇ ಅದನ್ನು ಕಟ್ಟಿದ್ದ. ಚಹಾ ಕುಡಿದು ಬಂದ ಕಾಕಾ ಒಳಹಲಗೆ ಬಡಿದು ಮುಚ್ಚಿದರು. ಶುಕ್ರವಾರ ಕೊನೆಯ ತಪಾಸಣೆಯಲ್ಲಿ ಗಾಜು ಇಳಿಸಿದಾಗ ಗಂಟು ಹರಿದು ಕಾಳು ಬಾಗಿಲ ತಳಕ್ಕೆ ಸುರಿದವು. ಬಾಗಿಲು ಹಾಕಿ ತೆಗೆದರೆ ಸರ ಸರ ಸದ್ದು. ಹಲಗೆ ಬಿಚ್ಚಿದಾಗ ತಗಡಿನ ಮೇಲೆಲ್ಲ ಹಳದಿ ಪುಡಿ. ಬಲಗಡೆಯ ಬಾಗಿಲು ದತ್ತುಕಾಕಾನದು. ಮೇಲಾಗಿ ಅವರು ಜೇಜುರಿಯ ಖಂಡೋಬನ ಒಕ್ಕಲು, ಹಣೆಯಲ್ಲಿ ಭಂಡಾರವಿಲ್ಲದೆ ಕೆಲಸಕ್ಕೆ ಬಂದವರಲ್ಲ. ನಮ್ಮ ಮೈಲಾರಲಿಂಗನೂ ಅವರ ಖಂಡೋಬನೂ ಒಬ್ಬನೇ ದೇವರು, ಪುಡಿಯೂ ಒಂದೇ. ಅದು ಯಾರ ಮನೆಯ ಮಾಡದಿಂದ ಬಂದದ್ದೆಂದು ಹಳದಿಯನ್ನು ನೋಡಿ ಯಾರು ಹೇಳಬಲ್ಲರು? ಕಾಕಾನನ್ನು ವಿಚಾರಣೆ ಮುಗಿಯುವತನಕ ಬರಬೇಡ ಎಂದು ಕಳಿಸಿದರು. ಸಾಲಿನ ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆದು ಕೇಳಿದರು. ಅಪ್ಪ ತನಗೆ ಗೊತ್ತಿಲ್ಲ ಎಂದು ಹೇಳಿ ಬಂದಿದ್ದ.

ಇದನ್ನೆಲ್ಲ ಅಪ್ಪ ಹೇಳಿದ್ದು ಬಹಳ ಸಣ್ಣ ದನಿಯಲ್ಲಿ, ಹಲಗೆಯ ಗೋಡೆಗೆ ಬೆನ್ನು ಮಾಡಿ. ಅವ್ವ ಪರದೆ ಹಿಡಿದು ನಿಂತಿದ್ದಳು. ಪಕ್ಕದ ಮನೆಯಲ್ಲಿ ಆ ಸಂಜೆ ಕುಕ್ಕರ್ ಕೂಗಲಿಲ್ಲ.

ಮರುದಿನದಿಂದ ಕಾಕಾ ಗ್ಯಾಲರಿಯಲ್ಲಿ ಕೂರಲು ಸುರುಮಾಡಿದರು. ಕೆಲಸದ ಹೊತ್ತಿನಲ್ಲಿ ಗಂಡಸರು ಗ್ಯಾಲರಿಯಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ. ನಲ್ಲಿ ಇದ್ದದ್ದು ಗ್ಯಾಲರಿಯ ಆ ತುದಿಗೆ, ಶಾಲೆಗೆ ಹೋಗುವ ಮೊದಲೂ ಬಂದಮೇಲೂ ನಾನು ಅವರ ಮುಂದೆ ಹಾಯ್ದೇ ನೀರಿಗೆ ಹೋಗಬೇಕು. ಅವರು ಎಂದಿನಂತೆ ನನ್ನ ಜಡೆ ಎಳೆಯಲಿಲ್ಲ, ಆದರೆ ಮುಖವನ್ನೂ ತಿರುಗಿಸಲಿಲ್ಲ. ಕಾಕೂ ಹಿಟ್ಟಿನ ಜರಡಿ ಕೇಳುವ ನೆವದಿಂದ ಬಂದು ಅವ್ವನ ಹತ್ತಿರ ಅತ್ತರು. ಇವರು ಖಂಡೋಬನ ಮೇಲೆ ಆಣೆ ಮಾಡಿ ತಾನಲ್ಲ ಎಂದರೂ ಸಾಹೇಬರು ನಂಬುವುದಿಲ್ಲ, ಹಾಗಾದರೆ ಯಾರು ಎಂದು ಕೇಳಿದರೆ ಇವರು ಬಾಯಿ ಬಿಡುವುದಿಲ್ಲ, ಪಟ್ಟಿ ಇನ್ನು ಹತ್ತು ದಿನಕ್ಕೆ ಬರುತ್ತದೆ ಎಂದು ಹೇಳಿದರು. ಅವ್ವನ ಕೈ ಹಿಟ್ಟಿನಲ್ಲಿ ನಿಂತುಹೋಯಿತು. ಜರಡಿಯ ಜೊತೆಗೆ ಒಂದು ಪಾವು ಜೋಳದ ಹಿಟ್ಟು ಕೊಟ್ಟಳು. ಕಾಕೂ ಅದನ್ನು ಬೇಡವೆನ್ನಲಿಲ್ಲ.

ಅಪ್ಪ ಅವ್ವ ಆ ದಿನಗಳಲ್ಲಿ ಜಗಳವನ್ನೂ ಪಿಸುಗುಟ್ಟಿಯೇ ಆಡಿದರು. ಅಪ್ಪ ಹೋಗಿ ಹೇಳಿಬಿಡುತ್ತೇನೆ ಎಂದು ಒಂದು ಸಂಜೆ ಅಂದರೆ, ಅವ್ವ ಕಾಲು ಹಿಡಿಯುವಳು. ನಿಮ್ಮ ಕೆಲಸ ಹೋದರೆ ನಾವು ಮೂವರು ಎಲ್ಲಿಗೆ ಹೋಗುವುದು, ಅವರು ಟೆಂಪರರಿ, ಒಂದು ತಿಂಗಳು ಮನೆಯಲ್ಲಿ ಕೂತು ಅವರಿಗೆ ರೂಢಿಯಿದೆ, ಮತ್ತೆ ಕರೆಯುತ್ತಾರೆ ಎನ್ನುವಳು. ಮರುಸಂಜೆ ಅವ್ವನೇ ಹೇಳಿಬಿಡ್ರಿ ಎಂದರೆ, ಅಪ್ಪ ಇನ್ನೊಂದು ದಿನ ನೋಡೋಣ, ಸಾಹೇಬರು ತಾವಾಗಿಯೇ ವಿಚಾರಣೆ ಬಿಟ್ಟುಬಿಡಬಹುದು ಎನ್ನುವನು. ಇಬ್ಬರೂ ಒಂದೇ ದಿನ ಹೇಳು ಎನ್ನುವ ಕಡೆ ಬರಲಿಲ್ಲ. ನಡುವೆ ರವಿವಾರ ಬಂತು, ಮಾಮಾ ಬಂದ. ಅವನಿಗೆ ನಾವು ಏನೂ ಹೇಳಿರಲಿಲ್ಲ. ಅಂಗಡಿಯವರು, ತಡಕ್ಕೆ ಬಣ್ಣದ ತಕರಾರು ಕಾರಣ ಎಂದಿದ್ದರು.

“ಯಾಕ್ರಿ ಭಾವಾ, ಕೂಸು ಅಡ್ಡ ಬಂದದ ಏನು?”

ಮಾಮಾ ನಮ್ಮ ಮೂವರ ಮುಖ ನೋಡಿ, ಇಲ್ಲಿ ಗಂಡಹೆಂಡಿರ ಕದನ ನಡೆದಿದೆ ಎಂದುಕೊಂಡು, ಚಹಾ ಅರ್ಧ ಬಿಟ್ಟು ಎದ್ದುಹೋದ.

ಹತ್ತನೆಯ ದಿನ ಸೋಮವಾರ. ನಾನು ಶಾಲೆಯಿಂದ ಬಂದಾಗ ಕಾಕಾ ಗ್ಯಾಲರಿಯಲ್ಲಿ ಕಾರ್ಖಾನೆಯ ತಮ್ಮ ಶರ್ಟನ್ನು ತೊಡೆಯ ಮೇಲೆ ಹಾಸಿಕೊಂಡು ಕೂತಿದ್ದರು. ಕಿಸೆಯ ಅಂಚು ಬಿಚ್ಚಿತ್ತು. ಸೂಜಿ ದಾರ ಪಕ್ಕದಲ್ಲಿತ್ತು. ಕರೆ ಬಂದರೆ ಶರ್ಟು ತಯಾರಿರಬೇಕು, ಕಾಕೂನ ಕಣ್ಣಿಗೆ ಸೂಜಿಯ ತೂತು ಕಾಣುವುದಿಲ್ಲ, ನೀನು ಹೊಲಿದುಕೊಡು ಎಂದು ಮರಾಠಿಯಲ್ಲಿ ಹೇಳಿದರು. ಮೊದಲೂ ಎಷ್ಟೋ ಸಲ ಹೊಲಿದುಕೊಟ್ಟಿದ್ದೆ. ಅವರ ಪೈಜಾಮದ ಅಂಚು, ಕಿತ್ತುಹೋದ ಗುಂಡಿಗಳು, ಎಲ್ಲದರ ಮೇಲೂ ನನ್ನ ಓರೆ ಇತ್ತು. ವಿಚಾರಣೆಯಲ್ಲಿ ಅವರ ಮುಂದೆ ಹಸಿರು ಖಣದ ಗಂಟನ್ನು ಮೇಜಿನ ಮೇಲೆ ಇಟ್ಟಿದ್ದರೆಂದು ಕಾಕೂ ಹೇಳಿದ್ದು ನನಗೆ ನೆನಪಾಯಿತು. ಅದರ ಮೇಲೂ ಅದೇ ಓರೆ. ನಾನು ಕೂತು ಸೂಜಿಯನ್ನು ಬಲಗೈಗೆ ತೆಗೆದುಕೊಂಡೆ.

ಇದನ್ನು ನಾನು ಯೋಚಿಸಿ ಮಾಡಿದೆನೋ, ಕೈ ತಾನೇ ಮಾಡಿತೋ, ಖಚಿತವಾಗಿ ಹೇಳಲಾರೆ. ಸೂಜಿಯನ್ನು ಬಲಗೈಯಲ್ಲಿ ಹಿಡಿದದ್ದು ಮಾತ್ರ ಖಚಿತ. ಮೊದಲ ಚುಚ್ಚು ಬಟ್ಟೆಗೆ ಹೋಯಿತು, ಎರಡನೆಯದು ಎಡಗೈಯ ಹೆಬ್ಬೆರಳಿಗೆ. ರಕ್ತದ ಒಂದು ಹನಿ ಕಿಸೆಯ ಅಂಚಿಗೆ ಹತ್ತಿತು. ಕಾಕಾ ನನ್ನ ಬೆರಳನ್ನು ತಮ್ಮ ಧೋತರದ ತುದಿಯಿಂದ ಒತ್ತಿಹಿಡಿದರು. ಆಮೇಲೆ ಸೂಜಿಯನ್ನು ನನ್ನ ಬಲಗೈಯಿಂದ ತೆಗೆದು ಎಡಗೈಯಲ್ಲಿ ಇಟ್ಟರು.

“ತುಝ್ಯಾ ಹಾತಾನಂ ಶಿವ, ಬಾಳಾ.”

ನಿನ್ನ ಕೈಯಿಂದ ಹೊಲಿ, ಮಗೂ. ಅಷ್ಟೇ ಅಂದರು. ನಾನು ಎಡಗೈಯಿಂದ ಹೊಲಿದೆ. ಹನ್ನೆರಡೋ ಹದಿಮೂರೋ ಚುಚ್ಚು. ಅವರು ಪ್ರತಿಯೊಂದನ್ನೂ ನೋಡಿದರು. ಮುಗಿದಮೇಲೆ ಶರ್ಟನ್ನು ಮಡಿಚಿ ಒಳಗೆ ತೆಗೆದುಕೊಂಡು ಹೋದರು.

ಅಪ್ಪ ನಾಲ್ಕೂವರೆಗೆ ಬಂದು ಊಟಕ್ಕೆ ಕೂತಿದ್ದ. ನಾನು ತಾಟಿನ ಎದುರಿಗೆ ನಿಂತು, ದನಿ ಸಣ್ಣ ಮಾಡದೆ ಹೇಳಿದೆ.

“ಕಾಕಾಗ ಗೊತ್ತದ.”

ಅವ್ವ ನನ್ನ ಬಾಯಿ ಮುಚ್ಚಲು ಬಂದಳು. ನನ್ನ ಹೆಬ್ಬೆರಳು ನೋಡಿ ಅಲ್ಲಿಯೇ ನಿಂತಳು. ನಡೆದದ್ದನ್ನು ಇದ್ದದ್ದಿದ್ದಂತೆ ಹೇಳಿದೆ. ಅಪ್ಪ ತಾಟನ್ನು ಸರಿಸಿದ. ಅವ್ವ ಅವನ ಎದುರಿಗೆ ಕೂತು ಹೇಳಿದಳು.

“ನಾಳೆ ಹೋಗಿ ಹೇಳ್ರಿ. ಹೇಣತಿ ಹಟಾ ಹಿಡಿದಿದ್ಲು ಅಂತನೂ ಹೇಳ್ರಿ.”

“ನಿನ್ನ ಹೆಸರ್ಯಾಕ? ಕಟ್ಟಿದ ಕೈ ನಂದು.”

ಮರುದಿನ, ಹನ್ನೊಂದನೆಯ ದಿನ, ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಎಂದಿನದಕ್ಕಿಂತ ಒಂದು ತಾಸು ಮೊದಲೇ ಹೋಗಿ ಸಾಹೇಬರ ಕೋಣೆಯ ಹೊರಗೆ ನಿಂತು, ಒಳಗೆ ಕರೆದಾಗ ಎಲ್ಲವನ್ನೂ ಹೇಳಿದ. ಪಟ್ಟಿಯನ್ನು ಸೋಮವಾರ ಸಂಜೆ ಐದಕ್ಕೆ ಗೇಟಿನ ಫಲಕಕ್ಕೆ ಹಚ್ಚಿ ಆಗಿತ್ತು. ಅಪ್ಪ ನಮ್ಮ ಮನೆಯಲ್ಲಿ ತಾಟಿನ ಮುಂದೆ ಕೂತಿದ್ದ ಹೊತ್ತು ಅದು. ಅದರಲ್ಲಿ ಕಾಕಾನ ಹೆಸರು ಇರಲಿಲ್ಲ. ಹಚ್ಚಿದ ಪಟ್ಟಿಯನ್ನು ತಿದ್ದುವುದಿಲ್ಲ, ಮುಂದಿನ ವರ್ಷ ನೋಡೋಣ ಎಂದರಂತೆ. ಮುಂದಿನ ವರ್ಷ ಪಟ್ಟಿಯೇ ಬರಲಿಲ್ಲ. ಕಾಕಾನನ್ನು ಟೆಂಪರರಿ ಎಂದೇ ವಾಪಸು ತೆಗೆದುಕೊಂಡರು. ಅಪ್ಪನ ಕೆಲಸ ಯೂನಿಯನ್ನಿನವರ ಓಡಾಟದಿಂದ ಉಳಿಯಿತು, ಆದರೆ ಸಾಲಿನಿಂದ ತೆಗೆದು ಹರಕು ತಗಡು ತೂಗುವ ಶೆಡ್ಡಿಗೆ ಹಾಕಿದರು. ನಿವೃತ್ತಿಯವರೆಗೆ ಅವನು ಮತ್ತೊಂದು ಬಾಗಿಲು ಮುಟ್ಟಲಿಲ್ಲ.

ಗಾಡಿ ಬಂದದ್ದು ಅದಾಗಿ ಮೂರು ವಾರಕ್ಕೆ, ಒಂದು ರವಿವಾರ ಬೆಳಿಗ್ಗೆ. ಮಾಮಾ ಕೆಳಗಿನಿಂದ ಹಾರ್ನ್ ಬಾರಿಸಿದ. ನಾವು ಗ್ಯಾಲರಿಯಿಂದ ಬಗ್ಗಿ ನೋಡಿದೆವು. ಇಷ್ಟು ತಿಂಗಳು ಕಾದ ನೀಲಿ ಅದು, ಶಾಲೆಯ ಹೊಸ ಪಾಟಿಯ ಹಾಗೆ ಹೊಳೆಯುತ್ತಿತ್ತು. ನಮ್ಮಲ್ಲಿ ಒಬ್ಬರಿಗೂ ಕೆಳಗಿಳಿಯುವ ಅವಸರವಿರಲಿಲ್ಲ. ಅವ್ವ ಆರತಿಯ ತಾಟು ಹಿಡಿದು ಹೊರಬಂದವಳು, ಮೆಟ್ಟಿಲ ಕಡೆ ಹೋಗದೆ, ನಾಲ್ಕನೆಯ ಬಾಗಿಲಿಗೆ ಹೋಗಿ ನಿಂತು, ಮೊದಲ ಆರತಿ ನೀವು ಎತ್ತಬೇಕೆಂದು ಕಾಕೂನನ್ನು ಕೇಳಿದಳು. ಕಾಕೂ ತಾಟನ್ನೂ ಮುಟ್ಟಲಿಲ್ಲ, ಒಳಗೂ ಹೋಗಲಿಲ್ಲ. ಅವರ ಹಿಂದಿನಿಂದ ಕಾಕಾ ಹೊರಬಂದರು. ನಾನು ಹೊಲಿದ ಶರ್ಟನ್ನೇ ಹಾಕಿದ್ದರು. “ಚಲಾ,” ನಡೆಯೋಣ, ಎಂದು ಹೆಂಡತಿಗೆ ಹೇಳಿ, ತಾವೇ ಮುಂದಾಗಿ ಇಳಿದರು. ನಾವು ಹಿಂದೆ ಇಳಿದೆವು.

ಕಾಕೂ ಆರತಿ ಎತ್ತಿದರು. ಮಾಮಾ ತೆಂಗಿನಕಾಯಿ ಒಡೆದ. ಅವ್ವ ಭಂಡಾರದ ಡಬ್ಬಿಯನ್ನು ಮುಚ್ಚಳ ತೆಗೆಯದೆ ಎದೆಗೆ ಹಿಡಿದುಕೊಂಡಿದ್ದಳು. ಕಾಕಾ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಮುಚ್ಚಳ ಬಿಚ್ಚಿ, ಮೂರು ಬೆರಳಿನಿಂದ ಬಲಗಡೆಯ ಬಾಗಿಲಿಗೆ ಹೊರಗಿನಿಂದ ಹಳದಿ ಎಳೆದರು. ಆಮೇಲೆ ಬಾಗಿಲು ತೆಗೆದು, ಒಳಹಲಗೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ಒಮ್ಮೆ ಹಾಕಿ, ಕಿವಿಗೊಟ್ಟು ಕೇಳಿದರು. ಏನೂ ಸದ್ದಿರಲಿಲ್ಲ.

“ಗಟ್ಟಿ ಅದ ಏನ್ರಿ ಕಾಕಾ ಬಾಗಲಾ? ನಿಮ್ಮ ಕೈಯಿಂದು ಅಂದಮ್ಯಾಲೆ ಕೇಳೂದ ಬ್ಯಾಡ ಬಿಡ್ರಿ.” ಮಾಮಾ ಏನೂ ತಿಳಿಯದೆ ನಗುತ್ತಿದ್ದ.

ಕಾಕಾ ಇದು ತನ್ನ ಕೈಯದಲ್ಲ, ಆಮೇಲೆ ಬೇರೆ ಯಾರೋ ಮುಚ್ಚಿದ್ದಾರೆ ಎಂದರು. ಕೆಲಸಗಾರನೊಬ್ಬ ಇನ್ನೊಬ್ಬನ ಕೆಲಸದ ಬಗ್ಗೆ ಹೇಳುವಂತೆ ಹೇಳಿದರು. ಮಾಮಾ ಕಾಯಿಯ ಹೋಳು ಹಂಚಲು ಆ ಕಡೆ ಹೋದ. ಅಪ್ಪ ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದ. ಅಲ್ಲಿಂದ ಇಳಿದು ಕಾಕಾನ ಹತ್ತಿರ ಬಂದು, ತನ್ನ ಕಾಲನ್ನೇ ನೋಡುತ್ತ, ಆ ದಿನ ಚಹಾದ ಹೊತ್ತಿನಲ್ಲಿ ನಾನು ನಿನ್ನ ಕಡೆಗೆ ಬಂದಿದ್ದೆ ಎಂದು ಮರಾಠಿಯಲ್ಲಿ ಹೇಳಿದ. ಸಾಹೇಬರಿಗೆ ಹೇಳಿದ್ದ, ಯೂನಿಯನ್ನಿನವರಿಗೆ ಹೇಳಿದ್ದ. ಕಾಕಾನಿಗೆ ಹೇಳಿದ್ದು ಅದೇ ಮೊದಲು.

“ಮಾಹೀತ ಆಹೇ,” ಎಂದರು ಕಾಕಾ. “ಮೀ ಪಾಹಿಲಂ ಹೋತಂ.”

ಗೊತ್ತು. ನಾನು ನೋಡಿದ್ದೆ.

ಚಹಾದ ಲೋಟ ಹಿಡಿದು ಕಂಬದ ಹತ್ತಿರ ನಿಂತಿದ್ದರಂತೆ. ಅಪ್ಪ ಬಾಗಿಲೊಳಗೆ ಕೈ ಹಾಕಿದ್ದನ್ನು ನೋಡಿದ್ದರು. ತಮ್ಮ ಸಾಲಿನವನು, ಹಲಗೆಯ ಗೋಡೆಯಾಚೆಯವನು, ಏನೋ ಬಿಗಿ ಸಡಿಲ ನೋಡುತ್ತಿದ್ದಾನೆ ಎಂದುಕೊಂಡು, ಬಂದು ಮುಚ್ಚಿದ್ದರು. ಹಾಗಾದರೆ ಅವರಿಗೆ ನನ್ನ ಹೊಲಿಗೆಯ ಸಾಕ್ಷಿ ಬೇಕಾಗಿರಲಿಲ್ಲ. ಶುಕ್ರವಾರದಿಂದಲೇ ಗೊತ್ತಿತ್ತು. ಆ ಹನ್ನೊಂದು ದಿನ ಅವರು ಗ್ಯಾಲರಿಯಲ್ಲಿ ಕೂತದ್ದು ನಮ್ಮ ಬಾಗಿಲು ಕಾಣುವಂತೆ. ಕಿಸೆಯನ್ನು ನನ್ನಿಂದ ಯಾಕೆ ಹೊಲಿಸಿದರೆಂಬುದು ಇವತ್ತಿಗೂ ನನಗೆ ಪೂರ್ತಿ ತಿಳಿದಿಲ್ಲ. ಕೇಳುವಷ್ಟು ದೊಡ್ಡವಳಾಗುವ ಹೊತ್ತಿಗೆ ಅವರು ಮನೆ ಬಿಟ್ಟುಹೋಗಿದ್ದರು.

ಮಾಮಾ ಬಂದು ಎಲ್ಲರೂ ಹತ್ತಿರಿ, ಒಂದು ಸುತ್ತು ಹೊಡೆದು ಬರೋಣ ಎಂದು ಗದ್ದಲ ಮಾಡಿದ. ಉಳಿದ ದೊಡ್ಡವರು ಹಿಂದಿನ ಕಟಾಂಜನದೊಳಗೆ ಹತ್ತಿದರು. ಕಾಕಾ ಎಡಗಡೆಯ ಬಾಗಿಲು, ಅಪ್ಪನ ಕಡೆಯ ಬಾಗಿಲು ತೆಗೆದು, ನನ್ನನ್ನು ಎತ್ತಿ ಮಾಮಾನ ಪಕ್ಕದ ಸೀಟಿನಲ್ಲಿ ಕೂಡಿಸಿದರು. ನನ್ನ ಎಡಗೈ ಚೌಕಟ್ಟಿನ ಮೇಲಿತ್ತು. ಅದನ್ನು ತೆಗೆದು ನನ್ನ ತೊಡೆಯ ಮೇಲೆ ಇಟ್ಟು, ಕೈ ಜೋಪಾನ ಎಂದು ಹೇಳಿ, ಬಾಗಿಲನ್ನು ಸಪ್ಪಳವಾಗದ ಹಾಗೆ ಒತ್ತಿ ಹಾಕಿದರು.